ಬಣ್ಣ ಹಾಕದ ಕಂಬಳಿ

ನಮ್ಮೂರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಓದಿಗಾಗಿ ನಾನು ನಗರಕ್ಕೆ ಹೊರಟಾಗ ಅಪ್ಪ ಚಳ್ಳಕೆರೆಯಿಂದ ಒಂದು ಕರಿಯ ಕಂಬಳಿಯನ್ನು ತಂದುಕೊಟ್ಟರು. ಕುರಿಯ ಮೈಬಣ್ಣವೇ ಅದರ ಬಣ್ಣ. ಕೈಯಿಂದ ನೂತ ಉಣ್ಣೆಯನ್ನು ಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿಯನ್ನು ಸವರಿ ಒಣಗಿಸಿದ ಕಂಬಳಿ ಅದು. ವಿದ್ಯಾರ್ಥಿನಿಲಯದಲ್ಲಿ ಗೆಳೆಯರ ಬಣ್ಣಬಣ್ಣದ ಹೊದಿಕೆಗಳನ್ನು ಕಂಡಾಗ, ಕುರಿಯ ವಾಸನೆ ಬೀರುತ್ತಿದ್ದ ನನ್ನ ಕಂಬಳಿಯ ಬಗೆಗೆ ನಾಚಿಕೆಯಾಯಿತು. ಹೊದಿಕೆಯಿಲ್ಲದ ಒಬ್ಬ ಸಹಪಾಠಿಗೆ ಅದನ್ನು ಕೊಟ್ಟುಬಿಟ್ಟೆ. ಅದನ್ನು ದಾನವೆಂದು ಹೇಳಿಕೊಳ್ಳಲಾರೆ. ಕಣ್ಣೆದುರಿನಿಂದ ಅದು ತೊಲಗಿದರೆ ನನಗೆ ಸಾಕಾಗಿತ್ತು. ರಜೆಯಲ್ಲಿ ಅಪ್ಪ ಕೇಳಿದಾಗ, "ಯಾರೋ ಕದ್ದರು" ಎಂದೆ.

"ಕದ್ದವನಿಗೂ ಚಳಿಯಾಗಿತ್ತೇನೋ, ಬಿಡಪ್ಪ" ಎಂದು ಅವರು ಸುಮ್ಮನಾದರು.

ಎಷ್ಟೋ ವರ್ಷಗಳ ಮೇಲೆ ಚೀನೀ ಭಾಷೆಯ ಒಂದು ನುಡಿಗಟ್ಟನ್ನು ಓದಿದೆ: 'ಫಾನ್ ಪು ಗ್ವೇ ಜೆನ್'. 'ಪು' ಎಂದರೆ ಉಳಿ ತಾಗದ ಜೇಡ್ ಕಲ್ಲು. 'ಜೆನ್' ಎಂದರೆ ನಿಜ. ಕೃತಕತೆಯನ್ನು ಕಳಚಿ ಸರಳತೆಗೂ ಸತ್ಯಕ್ಕೂ ಮರಳುವುದೆಂದು ಅದರ ಭಾವ. ಇದರ ಹಿಂದೆ ಸುಮಾರು 2,300 ವರ್ಷಗಳಷ್ಟು ಹಳೆಯ ಕಥೆಯೊಂದಿದೆ. ಚಿ ಎಂಬ ರಾಜ್ಯದ ದೊರೆ ಷ್ವೆನ್, ಯೆನ್ ಚು ಎಂಬ ಜ್ಞಾನಿಯನ್ನು ತನ್ನ ಬಳಿ ಉಳಿಸಿಕೊಳ್ಳಲೆಂದು ಮಾಂಸದೂಟ, ರಥ, ಬೆಲೆಬಾಳುವ ಉಡುಪುಗಳ ಆಸೆ ತೋರಿಸಿದ. ಯೆನ್ ಚು ಒಪ್ಪಲಿಲ್ಲ. ಬೆಟ್ಟದಲ್ಲಿ ಹುಟ್ಟಿದ ಜೇಡ್ ಕಲ್ಲನ್ನು ಕೆತ್ತಿದರೆ ಅದರ ಬೆಲೆ ಹೋಗದು, ಆದರೆ ಪೂರ್ಣತೆ ಹೋಗುತ್ತದೆ ಎಂದ. ಹಸಿದು ತಡವಾಗಿ ಉಂಡರೆ ಬಡವನ ಊಟವೂ ಮಾಂಸದಷ್ಟೇ ರುಚಿ, ನೆಮ್ಮದಿಯಿಂದ ನಡೆದರೆ ಕಾಲ್ನಡಿಗೆಯೇ ರಥ ಎಂದು ಹೇಳಿ, ದೊರೆಗೆ ನಮಸ್ಕರಿಸಿ ಮನೆಗೆ ಮರಳಿದ.

ಇಂಥ ಮರಳುವಿಕೆಯನ್ನು ನಮ್ಮ ಜಿಲ್ಲೆಯೂ ಕಂಡಿದೆ. ರಾಜ್ಯದ ಮುಖ್ಯಮಂತ್ರಿಯಾಗಿದ್ದು, 1968ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದ ಎಸ್. ನಿಜಲಿಂಗಪ್ಪನವರು ಅಧಿಕಾರದಿಂದ ದೂರವಾದ ಮೇಲೆ ಚಿತ್ರದುರ್ಗದ ತಮ್ಮ ಮನೆಯಲ್ಲಿ ಸರಳವಾಗಿ ಬಾಳಿ, 2000ದಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು.

ನನಗಾದರೋ ಬಿಟ್ಟುಬರಲು ಪದವಿಯಿರಲಿಲ್ಲ, ರಥವಿರಲಿಲ್ಲ, ಒಂದು ಸುಳ್ಳಿತ್ತು. ಊರಿಗೆ ಹೋಗಿ, ಮುಪ್ಪಾಗಿದ್ದ ಅಪ್ಪನ ಮುಂದೆ ಕುಳಿತು ನಡೆದುದೆಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು.

"ಆ ಹುಡುಗ ಬೆಚ್ಚಗೆ ಮಲಗಿದನೇನಪ್ಪ?" ಎಂದು ಕೇಳಿದರು.

"ಮಲಗಿದ" ಎಂದೆ. ಅವರು ತಲೆದೂಗಿದರು.

ಆ ರಾತ್ರಿ ಅಪ್ಪನ ಹಳೆಯ ಕಂಬಳಿಯನ್ನು ಹೊದ್ದು ಜಗುಲಿಯ ಮೇಲೆ ಮಲಗಿದೆ. ಕುರಿಯ ವಾಸನೆ ಅದರಲ್ಲಿ ಇನ್ನೂ ಇತ್ತು. ಬಹಳ ವರ್ಷಗಳ ಮೇಲೆ ನನಗೆ ಗಾಢವಾದ ನಿದ್ದೆ ಬಂದಿತು.