ಡೆಸ್ಕ್‌ಟಾಪ್ ಮೇಲೇ ಇತ್ತಲ್ಲ ಮಾರಾಯ

ಹೋದ ವಾರ ಊರಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. "ಕಂಪ್ಯೂಟರ್ ಆನ್ ಮಾಡಿದ್ರೆ ಸಾಕು, ವಿಂಡೋಸ್ ಹತ್ತರ ಕಾಲ ಮುಗೀತು ಅಂತ ಏನೋ ಬರ್ತದೆ. ಏನು ಮಾಡೋದು ಮಾರಾಯ?" ಅಕ್ಟೋಬರ್ 14, 2025ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿದೆ, ಅದನ್ನೇ ಹೇಳ್ತಾ ಇದೆ ಅಂದೆ. "ಹಂಗಾದ್ರೆ ಬಂದಾಗ ಹೊಸದು ಹಾಕಿಕೊಡು" ಅಂದವರು ಸ್ವಲ್ಪ ತಡೆದು, "ಈ ಸಲ ಡೆಸ್ಕ್‌ಟಾಪ್ ನೋಡ್ಕೊಂಡು" ಅಂತ ನಕ್ಕರು. ನನಗೆ ನಗು ಬರಲಿಲ್ಲ.

2014ರ ಯುಗಾದಿಗೆ ಊರಿಗೆ ಹೋಗಿದ್ದೆ. ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ಮುಗಿಯುವುದಿತ್ತು. ಚಿಕ್ಕಪ್ಪನ ಹಳೇ ಕಂಪ್ಯೂಟರಿನಲ್ಲಿ ಇದ್ದದ್ದು ಅದೇ. ಅರ್ಜಿ, ಕರಾರು ಪತ್ರ, ಮದುವೆ ಕಾಗದ, ಊರಿಗೆಲ್ಲ ಅವರೇ ನುಡಿಯಲ್ಲಿ ಟೈಪ್ ಮಾಡಿಕೊಡುತ್ತಿದ್ದರು. ನಾನು ಬಿಇ ಮಾಡಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು, ಇಷ್ಟೂ ಮಾಡಿಕೊಡದಿದ್ದರೆ ಹೆಂಗೆ? ವಿಂಡೋಸ್ 7ರ ಡಿವಿಡಿ ಹಿಡಿದು ಕೂತೆ.

ಎಕ್ಸ್‌ಪಿಯಿಂದ ಏಳಕ್ಕೆ ನೇರ ದಾರಿ ಇರಲಿಲ್ಲ. ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕಿತ್ತು. ಫಾರ್ಮ್ಯಾಟ್ ಮಾಡದೆ ಅದೇ ಡ್ರೈವ್‌ಗೆ ಹಾಕಿದ್ದರೆ ಹಳೆಯದೆಲ್ಲ ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರಿಗೆ ಹೋಗಿ ಕೂರುತ್ತಿತ್ತು. ಅದು ನನಗೆ ಗೊತ್ತಿತ್ತು. ಆದರೆ 'ಕ್ಲೀನ್' ಆಗಲಿ ಅನ್ನೋ ಹುಚ್ಚು. "ಫೈಲೆಲ್ಲ ಎಲ್ಲಿವೆ ಚಿಕ್ಕಪ್ಪ?" ಅಂದೆ. "ಎಲ್ಲ ಕಂಪ್ಯೂಟರಲ್ಲೇ ಇದೆ" ಅಂದರು. ಆ ಉತ್ತರಕ್ಕೆ ನಾನು ನಕ್ಕುಬಿಟ್ಟೆ, ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಮೈ ಡಾಕ್ಯುಮೆಂಟ್ಸ್ ಪೆನ್‌ಡ್ರೈವಿಗೆ ಹಾಕಿಕೊಂಡು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದೆ. ಆಫೀಸ್, ಆಂಟಿವೈರಸ್, ಪ್ರಿಂಟರ್ ಡ್ರೈವರ್ ಎಲ್ಲ ಹಾಕಿ ಮಲಗಿದಾಗ ರಾತ್ರಿ ಒಂದು ಗಂಟೆ.

ಬೆಳಿಗ್ಗೆ ಚಿಕ್ಕಪ್ಪ ಸ್ಕ್ರೀನ್ ನೋಡುತ್ತಾ ನಿಂತಿದ್ದರು. "ಅಮ್ಮನ ಹಾಡಿಂದು ಎಲ್ಲಿ? ಡೆಸ್ಕ್‌ಟಾಪ್ ಮೇಲೇ ಇತ್ತಲ್ಲ ಮಾರಾಯ."

ನಮ್ಮಜ್ಜಿಗೆ ಸೋಬಾನೆ ಹಾಡು, ಬೀಸೋ ಹಾಡು ಲೆಕ್ಕ ಇಲ್ಲದಷ್ಟು ಬರುತ್ತಿದ್ದವು. ಎರಡು ಮಳೆಗಾಲ ಚಿಕ್ಕಪ್ಪ ಸಂಜೆ ಹೊತ್ತು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಬೆರಳಲ್ಲಿ ಟೈಪ್ ಮಾಡಿದ್ದರಂತೆ. ಒಟ್ಟು 143 ಹಾಡು. ಅಜ್ಜಿ ಹೋಗಿ ಆಗಲೇ ವರ್ಷ ದಾಟಿತ್ತು. ಡೆಸ್ಕ್‌ಟಾಪ್ ಅನ್ನೋದೂ ಸಿ ಡ್ರೈವಿನೊಳಗಿನ ಒಂದು ಫೋಲ್ಡರ್ ಅಂತ ಚಿಕ್ಕಪ್ಪನಿಗೆ ಗೊತ್ತಿರಬೇಕಾಗಿರಲಿಲ್ಲ. ನನಗೆ ಗೊತ್ತಿರಬೇಕಿತ್ತು.

ಡಿಸ್ಕ್ ಬಿಚ್ಚಿ ಬೆಂಗಳೂರಿಗೆ ತಂದೆ. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಫೈಲು ಪೂರ್ತಿ ಅಳಿಸಿಹೋಗಿರೋದಿಲ್ಲ, ಅದರ ಜಾಗದ ಮೇಲೆ ಬೇರೆಯದು ಬಂದು ಕೂರುವವರೆಗೆ ವಾಪಸ್ ಸಿಗಬಹುದು. ನಾನೋ ರಾತ್ರಿ ಒಂದರವರೆಗೆ ಅದೇ ಜಾಗದ ಮೇಲೆ ಒಂದಾದ ಮೇಲೊಂದು ಹೇರಿದ್ದೆ. ರಿಕವರಿ ತಂತ್ರಾಂಶಕ್ಕೆ ಸಿಕ್ಕ ಫೈಲುಗಳಿಗೆ ಹೆಸರಿಲ್ಲ, ಬರೀ ನಂಬರು. ತೆರೆದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಮೂಡಿದಂಥ ಗೀಚು, ನುಡಿ ಫಾಂಟ್ ಹಾಕಿದ ಮೇಲೆ ಕನ್ನಡ. ಮೂರು ಶನಿವಾರ ಒಂದೊಂದೇ ತೆರೆದು ನೋಡಿದೆ. ಅರ್ಜಿ, ಅರ್ಜಿ, ಯಾರದೋ ಗೃಹಪ್ರವೇಶ, ನಡುವೆ ಒಂದು ಹಾಡು. ಸಿಕ್ಕಿದ್ದು 61.

ಚಿಕ್ಕಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಫೀಸಿನಲ್ಲಿ ಸರ್ವರ್ ಅಪ್‌ಗ್ರೇಡ್ ಅಂದರೆ ನಾವು ಸ್ನ್ಯಾಪ್‌ಶಾಟ್ ತೆಗೆಯದೆ, ಕೆಟ್ಟರೆ ಹಿಂದಕ್ಕೆ ಹೋಗೋ ದಾರಿ ಬರೆದಿಡದೆ ಕೈ ಹಾಕೋದಿಲ್ಲ. ಊರಲ್ಲಿ ಮನೆ ಹೆಂಚು ಇಳಿಸುವಾಗ ಅಪ್ಪ ಮೊದಲು ಅಕ್ಕಿ ಮೂಟೆ, ಹಾಸಿಗೆ ಎಲ್ಲ ಪಕ್ಕದ ಮನೆಗೆ ಸಾಗಿಸುತ್ತಿದ್ದದ್ದೂ ಅದೇ ಬುದ್ಧಿ. ಎರಡೂ ಕಡೆ ಕಲಿತವನು ನಾನು.

ಈಗ ಯಾರ ಕಂಪ್ಯೂಟರ್ ಮುಟ್ಟಿದರೂ ಮೊದಲು ಅವರನ್ನೇ ಕೂರಿಸಿ, "ದಿನಾ ಏನೇನು ತೆರೀತೀರಿ, ತೆರೆದು ತೋರಿಸಿ" ಅಂತೀನಿ. ಬ್ಯಾಕಪ್ ತೆಗೆದ ಮೇಲೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡ್ತೀನಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯೋದಿಲ್ಲ. ಹಳೇ ಕನ್ನಡ ಫೈಲಿದ್ದರೆ ಜೊತೆಗೆ ಫಾಂಟನ್ನೂ ಎತ್ತಿಡಬೇಕು. ನೆಟ್‌ವರ್ಕ್ ಡ್ರೈವರ್ ಮೊದಲೇ ಪೆನ್‌ಡ್ರೈವಿನಲ್ಲಿರಲಿ, ಇಲ್ಲದಿದ್ದರೆ ಇಂಟರ್ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು ಅಂತಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಕರೆಂಟಿನ ಬಗ್ಗೆ ನಮ್ಮೂರ ಕಡೆಯವರಿಗೆ ಹೇಳೋದೇ ಬೇಡ. ಉಬುಂಟುವಾದರೆ ಹೊಸ ಎಲ್‌ಟಿಎಸ್ ಬಂದ ದಿನವೇ ನಾನು ಹಾರೋದಿಲ್ಲ, ಪಾಯಿಂಟ್ ಒಂದು ಬರೋವರೆಗೆ ಕಾಯ್ತೀನಿ.

ಚಿಕ್ಕಪ್ಪನ ಈಗಿನ ಮೆಶಿನ್ ಇಂಟೆಲ್ ಆರನೇ ತಲೆಮಾರಿನದು. ಹನ್ನೊಂದು ಕೇಳೋದು ಎಂಟರಿಂದ ಮೇಲೆ, ಜೊತೆಗೆ ಟಿಪಿಎಂ 2.0. ಅಡ್ಡದಾರಿ ಇದೆ, ಆದರೆ ಅವರ ಮೆಶಿನ್ ಮೇಲೆ ನಾನು ಇನ್ನೊಂದು ಪ್ರಯೋಗ ಮಾಡೋನಲ್ಲ. ಸದ್ಯಕ್ಕೆ ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್‌ಗೆ ನೋಂದಾಯಿಸೋಣ, ಆಮೇಲೆ ಬೇರೆ ಕಂಪ್ಯೂಟರ್ ನೋಡೋಣ ಅಂದೆ. "ಅರ್ಜೆಂಟೇನಿಲ್ಲ" ಅಂದರು.

ಆಮೇಲೆ ಗೊತ್ತಾಯಿತು, ಸೊರಬದ ಅತ್ತೆ ಒಂದು ತಿಂಗಳಿಂದ ಊರಲ್ಲೇ ಇದ್ದಾರಂತೆ. ಅಜ್ಜಿ ಹಾಡು ಅವರಿಗೂ ಅಷ್ಟಿಷ್ಟು ನೆನಪಿವೆ. ಚಿಕ್ಕಪ್ಪ ಮತ್ತೆ ಟೈಪ್ ಮಾಡ್ತಿದ್ದಾರೆ, ಈ ಸಲ ಯೂನಿಕೋಡಿನಲ್ಲಿ. ಹದಿನೇಳು ಆಗಿದೆಯಂತೆ.

"ಎಲ್ಲಿ ಸೇವ್ ಮಾಡ್ತಿದ್ದೀರಿ ಚಿಕ್ಕಪ್ಪ?" ಅಂದೆ.

"ಇನ್ನೆಲ್ಲಿ, ಡೆಸ್ಕ್‌ಟಾಪಲ್ಲೇ" ಅಂದರು.