ಮತ್ತೆ ಮತ್ತೆ ಹೊತ್ತಿದ ದೀಪ

ಮುಧೋಳದಿಂದ ಜಮಖಂಡಿಗೆ ಬರುವಾಗ ನಮ್ಮ ಹಳೆಯ ಕಾರಿನ ಎಂಜಿನ್ ದೀಪ ಹೊತ್ತಿಕೊಂಡಿತು. ವೇರಿಯಬಲ್ ವಾಲ್ವ್ ಟೈಮಿಂಗ್‌ನಲ್ಲಿ, ಅಂದರೆ ಎಂಜಿನ್ನಿನ ವೇಗಕ್ಕೆ ತಕ್ಕಂತೆ ವಾಲ್ವ್ ತೆರೆಯುವ ಸಮಯವನ್ನು ಹಿಂದುಮುಂದು ಮಾಡುವ ವ್ಯವಸ್ಥೆಯಲ್ಲಿ, ದೋಷವಿದೆ ಎಂದು ಸ್ಕ್ಯಾನರ್ ತೋರಿಸಿತು. ಮೆಕ್ಯಾನಿಕ್ ಹುಡುಗ ಸೊಲೆನಾಯ್ಡ್ ಬದಲಿಸಿದ. ವಾರದಲ್ಲೇ ದೀಪ ಮತ್ತೆ ಬಂತು. ಸೆನ್ಸರ್ ಬದಲಿಸಿದ. ಬೀಳಗಿಯ ಮದುವೆಗೆ ಹೊರಟಾಗ ದಾರಿಯಲ್ಲೇ ಮತ್ತೆ ಹೊತ್ತಿತು. ‘ದುಡ್ಡು ತಿಂದೆ’ ಎಂದು ನಾಲ್ಕು ಜನರ ಮುಂದೆ ಅವನನ್ನು ಬೈದೆವು.

ರಬಕವಿ-ಬನಹಟ್ಟಿಯ ಹಿರಿಯ ಮಿಸ್ತ್ರಿಯೊಬ್ಬರು ಮೊದಲು ಆಯಿಲ್ ಕಡ್ಡಿ ಎಳೆದು ನೋಡಿದರು. ನೇಕಾರರ ಊರಿನವರಲ್ಲವೇ, “ಎಳಿ ಹರದ್ರ ಬರೇ ಲಾಳಿ ಬೈದ್ರ ಹೆಂಗ್ರಿ? ನೂಲೂ ನೋಡಬೇಕು” ಎಂದರು. ಆ ವ್ಯವಸ್ಥೆಯನ್ನು ನಡೆಸುವುದು ಆಯಿಲ್‌ನ ಒತ್ತಡ. ನಮ್ಮ ಆಯಿಲ್ ಡಾಂಬರಿನಂತಾಗಿತ್ತು. ಅದು ಹಾಯುವ ಸಣ್ಣ ಜಾಲರಿ ಜಿಡ್ಡಿನಿಂದ ಕಟ್ಟಿಕೊಂಡಿತ್ತು. ಜಾಲರಿ ತೊಳೆದು, ಆಯಿಲ್, ಫಿಲ್ಟರ್ ಬದಲಿಸಿದರು. ದೀಪ ಮತ್ತೆ ಹೊತ್ತಲಿಲ್ಲ.

ಆಯಿಲ್ ಬದಲಿಸಿ ಎಂದು ಆ ಹುಡುಗ ಮೊದಲ ದಿನವೇ ಹೇಳಿದ್ದ. ‘ಮುಂದಿನ ತಿಂಗಳು ನೋಡೋಣ’ ಎಂದವರು ನಾವೇ. ಕಾರಿನ ದೋಷ ಸಿಕ್ಕಿತು, ಅದರ ಹಿಂದೆ ನಮ್ಮದೂ. ಬೈದಿದ್ದು ನಾಲ್ಕು ಜನರ ಮುಂದೆ. ತಪ್ಪೊಪ್ಪಿಕೊಳ್ಳುವುದು ಮರೆಯಲ್ಲಾದರೆ ಹೇಗೆ? ಸಂತೆಯ ದಿನವೇ ಅವನ ಗ್ಯಾರೇಜಿಗೆ ಹೋದೆವು.