ತೂತಿನೊಳಗಿನ ಕಡ್ಡಿ

ಹೂವಿನ ಹಿಪ್ಪರಗಿಯ ಸುತ್ತಲಿನ ಊರುಗಳಲ್ಲಿ ಕೂಸಿನ ಕಿವಿ ಚುಚ್ಚುವುದು ಪತ್ತಾರರ ಕೆಲಸ. ತೆಳ್ಳನೆಯ ಬಂಗಾರದ ತಂತಿಯ ತುದಿ ಚೂಪು ಮಾಡಿ, ಹಾಲೆಯ ಮೇಲಿಟ್ಟ ಗುರುತಿನಲ್ಲಿ ಒಮ್ಮೆಲೇ ದಾಟಿಸಿ, ಅಲ್ಲೇ ಬೆರಳಿನಿಂದ ಬಗ್ಗಿಸಿ ಮುರುವು ಮಾಡಿಬಿಡುತ್ತಾರೆ. ಆ ತಂತಿಯ ಮೇಲೆ ನನಗೆ ಬಹಳ ಗೌರವ. ಅದು ಬಾಗಬೇಕು, ಮುರಿಯಬಾರದು. ಹಸಿ ಗಾಯದಲ್ಲಿ ವಾರಗಟ್ಟಲೆ ಕೂತರೂ ಮೈ ಅದನ್ನು ಒಲ್ಲೆ ಅನ್ನಬಾರದು. 22 ಕ್ಯಾರೆಟ್ ಬಂಗಾರ ಇವೆರಡಕ್ಕೂ ಒದಗುತ್ತದೆ.

ರೊಕ್ಕ ಇಲ್ಲದ ಮನೆಗಳಲ್ಲಿ ಬೇವಿನ ಕಡ್ಡಿಯೋ ಕಸಬರಿಗೆ ಕಡ್ಡಿಯೋ ತೂತು ಕಾಯುತ್ತಿತ್ತು. ಸುಶ್ರುತ ಸಂಹಿತೆಯಲ್ಲೂ ಚುಚ್ಚಿದ ಕಿವಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಬತ್ತಿ ಹಾಕಿ, ಮೂರು ದಿನಕ್ಕೊಮ್ಮೆ ಮೊದಲಿಗಿಂತ ದಪ್ಪ ಬತ್ತಿ ಇಡುವ ಕ್ರಮವಿದೆ. ತೂತಿನೊಳಗೆ ಏನಿರಬೇಕು ಎಂಬ ಚಿಂತೆ ಅಷ್ಟು ಹಳೆಯದು.

ನಮ್ಮ ಕಡೆ ಹೆಂಗಸರು ಹೇಳುವ ಒಂದು ಮಾತುಂಟು: "ನನಗ ಖೊಟ್ಟಿ ಆಗಿಬರಂಗಿಲ್ಲವಾ, ಬಂಗಾರನ ಬೇಕು." ಕೇಳಿದವರು ಇದನ್ನು ದೊಡ್ಡಸ್ತಿಕೆ ಅಂದುಕೊಳ್ಳುತ್ತಾರೆ. ಅಲ್ಲ, ಅದು ನಿಕ್ಕಲ್. ಜಾತ್ರೆಯಲ್ಲಿ ಕೊಂಡ ಝುಮಕಿಯ ಹೊಳಪಿನ ಕೆಳಗೆ ಹೆಚ್ಚಾಗಿ ಇರುವುದು ಅದೇ. ಲೋಹದಿಂದ ಬರುವ ಚರ್ಮದ ಅಲರ್ಜಿಗೆ ಅದೇ ಎಲ್ಲಕ್ಕಿಂತ ದೊಡ್ಡ ಕಾರಣ. ಬೆವರು ಅದನ್ನು ಕರಗಿಸಿ ಚರ್ಮಕ್ಕಿಳಿಸುತ್ತದೆ; ವಿಜಯಪುರದ ಬೇಸಿಗೆಯಲ್ಲಿ ಬೆವರಿಗೇನು ಕೊರತೆ? ಕಿವಿ ಕೆಂಪಾಗಿ, ತುರಿಸಿ, ನೀರು ಸೋರುತ್ತದೆ. ಒಮ್ಮೆ ಹತ್ತಿದ ಅಲರ್ಜಿ ಸಾಮಾನ್ಯವಾಗಿ ಜನ್ಮವಿಡೀ ಬಿಡುವುದಿಲ್ಲ; ಆಮೇಲೆ ಗಡಿಯಾರದ ಪಟ್ಟಿ, ರವಿಕೆಯ ಹುಕ್ಕು ಕೂಡ ಕಾಡುತ್ತವೆ. ಯುರೋಪಿನಲ್ಲಿ ಚುಚ್ಚಿದ ತೂತಿಗೆ ಹಾಕುವ ಕಡ್ಡಿಯಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕ್ಕಲ್ ಬಿಡಬಾರದೆಂಬ ಕಾನೂನೇ ಇದೆ.

ಹಾಗಾದರೆ ಪ್ಲಾಸ್ಟಿಕ್? ಇಲ್ಲಿ ಎರಡು ಜಾತಿ. ಬಣ್ಣಬಣ್ಣದ ಅಕ್ರಿಲಿಕ್ ಬೇಗ ಗೀರುಬೀಳುತ್ತದೆ, ಗೀರಿನಲ್ಲಿ ಕೊಳೆ ಸೇರುತ್ತದೆ, ಹಬೆಯಲ್ಲಿ ಬೇಯಿಸಿ ಶುದ್ಧಮಾಡೋಣವೆಂದರೆ ತಡೆಯುವುದಿಲ್ಲ. ಹಸಿ ಗಾಯಕ್ಕೆ ಅದು ಬೇಡವೇ ಬೇಡ. ಪಿಟಿಎಫ್‌ಇ, ಅಂದರೆ ಟೆಫ್ಲಾನ್, ಬೇರೆ ಮಾತು: ಬಳುಕುತ್ತದೆ, ಶಾಖ ತಾಳುತ್ತದೆ, ನಿಕ್ಕಲ್ ಇಲ್ಲ. ಎಂಆರ್‌ಐ ಮಾಡಿಸುವಾಗ, ಆಪರೇಷನ್ ಇದ್ದಾಗ ಲೋಹವೆಲ್ಲ ತೆಗೆಯಿರಿ ಎನ್ನುತ್ತಾರೆ. ಮೂಗಿನ ಹೊಸ ತೂತು ಒಂದೇ ದಿನದಲ್ಲಿ ಮುಚ್ಚಿಕೊಳ್ಳಬಹುದು. ಆಗ ಡಾಕ್ಟರನ್ನು ಕೇಳಿ ಇದನ್ನು ಹಾಕಿಕೊಳ್ಳಬಹುದು. ಹೊಕ್ಕುಳು ಚುಚ್ಚಿಸಿಕೊಂಡವರು ಬಸಿರಾದಾಗಲೂ, ಹೊಟ್ಟೆಯೊಂದಿಗೆ ಬಾಗುವ ಇದೇ ಒಳ್ಳೆಯದು. ದಿನನಿತ್ಯಕ್ಕೆ ಮಾತ್ರ ನನ್ನ ಮತ ಲೋಹಕ್ಕೇ: ಬಂಗಾರ, ಅದು ಆಗದಿದ್ದರೆ ಮೂಳೆಗೆ ಜೋಡಿಸುವ ದರ್ಜೆಯ ಟೈಟೇನಿಯಂ. ಅದರ ಗುರುತು ಎಎಸ್‌ಟಿಎಂ ಎಫ್ 136.

ಈಗಿನ ಹುಡುಗಿಯರು ಕಿವಿಯ ಮೇಲಂಚಿಗೂ ಚುಚ್ಚಿಸುತ್ತಾರೆಂದು ಹಿರಿಯರು ಮುನಿಸಿಕೊಳ್ಳುವುದು ಸರಿಯಲ್ಲ. ಅವರ ಅಜ್ಜಿಯರ ಬುಗುಡಿ ಕೂತಿದ್ದು ಅಲ್ಲೇ. ಎಚ್ಚರ ಬೇಕಾದದ್ದು ಬೇರೆ ಕಡೆ. ಹಾಲೆ ಆರೆಂಟು ವಾರದಲ್ಲಿ ಮಾಯುತ್ತದೆ. ಮೇಲಿನದು ಮೃದ್ವಸ್ಥಿ, ಅದರೊಳಗೆ ರಕ್ತನಾಳಗಳಿಲ್ಲ, ಮಾಯಲು ಆರು ತಿಂಗಳಿಂದ ವರ್ಷವೇ ಬೇಕು. ಅಲ್ಲಿ ಕೀವಾದರೆ ಕಿವಿಯ ಆಕಾರವೇ ಕೆಡಬಹುದು. ಸ್ಪ್ರಿಂಗ್ ಗನ್ನಿನಿಂದ ಅಲ್ಲಿ ಹೊಡೆಸಬೇಡಿ, ಹೊಸ ಸೂಜಿಯಿಂದಲೇ ಚುಚ್ಚಿಸಿ.

ಇನ್ನು ಬಂಗಾರ ಕೊಳ್ಳುವ ಮಾತು. ಅದರ ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕ್ 2021ರಿಂದ ಹಂತಹಂತವಾಗಿ ಕಡ್ಡಾಯವಾಯಿತು. ಆದರೆ 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ವಿನಾಯಿತಿ ಇದೆ; ಮೂಗುಬಟ್ಟು ಸಾಮಾನ್ಯವಾಗಿ ಅಷ್ಟು ತೂಗುವುದೇ ಇಲ್ಲ. ಮೈಯೊಳಗೇ ಕೂಡುವ ಒಡವೆಗೆ ಮುದ್ರೆಯ ಕಾವಲಿಲ್ಲ, ಪತ್ತಾರರ ಮಾತೊಂದೇ ಆಧಾರ. ಅದಕ್ಕೇ ಕೇಳಿಕೊಳ್ಳುತ್ತೇನೆ: ಮಗಳ ಮೂಗು ಚುಚ್ಚಿಸಲು ಹೊರಟವರು ಹರಳು ಆರಿಸುವ ಮೊದಲು ಒಡವೆ ತಿರುವಿ ಕಡ್ಡಿ ನೋಡಿರಿ, ಅದು ಯಾವ ಲೋಹ ಎಂದು ಕೇಳಿರಿ. ನೇರ ಉತ್ತರ ಬಾರದಿದ್ದರೆ ಬೇರೆ ಅಂಗಡಿಗೆ ನಡೆಯಿರಿ.